ತಡೀರಿ ಅಂದವನ ಪಾಳಿ

ಒಬ್ಬ ಮನಷ್ಯಾಗ "ತಡೀರಿ, ನಾನ ಕರೀತೀನಿ" ಅಂದು ನಲವತ್ತು ನಿಮಿಷ ಆಕಾಶದಾಗ ಬಿಟ್ಟಾವ ನಾನು. ಆಕಾಶ ಸುಳ್ಳು, ವಿಮಾನ ಸುಳ್ಳು, ಅದೆಲ್ಲಾ ಕಂಪ್ಯೂಟರಿನ ಆಟ. ಆದ್ರ ಆ ಮನಷ್ಯಾ ಖರೇ, ಆ ನಲವತ್ತು ನಿಮಿಷಾನೂ ಖರೇ. ಬರದ್ರ ಮನಸು ಹಗುರಾಗ್ತೈತಿ ಅಂತ ಯಾರೋ ಹೇಳಿದ್ರು. ಏನ್ ಹಗುರಾಗ್ತೈತೋ ನೋಡೋಣ ಅಂತ ಕುಂತೀನಿ.

ನಾ ಗಂಗಾವತ್ಯಾಗ ಕಾಟಾದ ಮ್ಯಾಲ ಕೆಲಸ ಮಾಡ್ತೀನಿ. ಕಾಟಾ ಅಂದ್ರ ಲಾರಿ ತೂಕ ಮಾಡೂ ಜಾಗ. ಭತ್ತದ ಲಾರಿ ಬಂದು ಕಬ್ಬಿಣದ ಹಾಸಿನ ಮ್ಯಾಲ ನಿಲ್ತಾವ, ನಾ ಗಾಜಿನ ಖೋಲ್ಯಾಗ ಕುಂತು ಮೈಕಿನ್ಯಾಗ "ಮುಂದ ಬಾ, ಇನ್ನೊಂಚೂರು, ಹಾಂ ಸಾಕು" ಅಂತೀನಿ, ತೂಕದ ಚೀಟಿ ತಗದು ಕಿಂಡ್ಯಾಗಿಂದ ಕೊಡ್ತೀನಿ. ಹತ್ತೊಂಬತ್ತು ವರ್ಷಾತು. ದಿನಾ ಎಷ್ಟೋ ಮಂದಿ ಜೋಡಿ ಮಾತಾಡ್ತೀನಿ, ಒಬ್ಬಾವರ ಗಾಜಿನ ಈ ಕಡೆ ಬಂದಾನೇನು? ಇಲ್ಲ. ಅವ್ರಿಗೂ ಗಡಿಬಿಡಿ, ನನಗೂ ಗಡಿಬಿಡಿ.

ಮನಿ ಅಂದ್ರ ಕಾಲುವಿ ಮಗ್ಗಲ ಒಂದು ಮಾಳಿಗಿ ಮ್ಯಾಲಿನ ಖೋಲಿ. ಲಗ್ನ ಆಗಲಿಲ್ಲ. ಯಾಕ ಅಂತ ಕೇಳಬ್ಯಾಡ್ರಿ, ಕೇಳೂವ್ರೆಲ್ಲಾ ಕೇಳಿ ಕೇಳಿ ದಣದಾರ. ಕುಷ್ಟಗ್ಯಾಗ ಅಕ್ಕ ಅದಾಳ, ಎರಡು ದಿನಕ್ಕೊಮ್ಮೆ ಫೋನ್ ಮಾಡಿ "ಊಟ ಆತಿಲ್ಲೋ" ಅಂತಾಳ, "ಆತು" ಅಂತೀನಿ, ಮುಗೀತು. ವಾರದಾಗ ಆರು ದಿನ ಹೆಂಗೋ ಕಳೀತಾವ. ಭಾನುವಾರ ಅಂದ್ರ ಮಾತ್ರ ನನಗ ಅಂಜಿಕಿ. ಅನ್ನ ಮಾಡಿದ್ಯಾ, ಉಂಡ್ಯಾ, ಗಂಗಾಳ ತೊಳದ್ಯಾ, ಆಮ್ಯಾಲ ನೋಡಿದ್ರ ಇನ್ನೂ ಹನ್ನೆರಡೂವರಿ. ಉಳದ ಹೊತ್ತು ಎಲ್ಲಿ ಹಾಕೂದು?

ಆ ಹೊತ್ತು ಹಾಕಾಕ ಅಂತನ ಈ ಆಟಕ್ಕ ಬಿದ್ದೆ. ಇದು ಒಬ್ಬಾವ ಕುಂತು ಆಡೂ ಆಟ ಅಲ್ಲ. ದೇಶ ವಿದೇಶದಾಗ ಎಷ್ಟೋ ಮಂದಿ ತಮ್ಮ ತಮ್ಮ ಮನ್ಯಾಗ ಕಂಪ್ಯೂಟರಿನ ಮ್ಯಾಲ ವಿಮಾನ ಹಾರಸ್ತಾರ. ಇನ್ನ ಕೆಲವರು, ನನ್ನಂಥವರು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ನೆಲದ ಮ್ಯಾಲ ಕುಂದ್ರೂ ಕಂಟ್ರೋಲರ್ ಆಗ್ತಾರ. ಪರದಿ ಮ್ಯಾಲ ಚುಕ್ಕಿ ಓಡಾಡ್ತಿರ್ತಾವ, ಒಂದೊಂದು ಚುಕ್ಕಿ ಒಂದೊಂದು ವಿಮಾನ. ಎತ್ತರ ಎಷ್ಟು, ಯಾವ ದಿಕ್ಕು, ಯಾವಾಗ ಇಳೀಬೇಕು ಎಲ್ಲಾ ನಾವು ಹೇಳಬೇಕು, ಅವರು ಹೇಳಿದ್ದನ್ನ ತಿರುಗಿ ಹೇಳಿ ಹಂಗ ನಡೀಬೇಕು. ಖರೇ ವಿಮಾನದಾಗ ನಡಿಯೂವಂಗ, ಅದ ಇಂಗ್ಲಿಷಿನ ಮಾತು, ಅದ ಶಿಸ್ತು. ನಾ ಜೀವನದಾಗ ಒಂದ ಸಲನೂ ವಿಮಾನ ಹತ್ತಿಲ್ಲ. ಆದ್ರ ದಕ್ಷಿಣದ ಒಂದು ದೊಡ್ಡ ಊರಿನ ನಿಲ್ದಾಣಕ್ಕ ಭಾನುವಾರ ಮಧ್ಯಾಹ್ನ ನಾನ ಧಣಿ.

ಸುಮ್ನ ಕುಂದ್ರಾಕ ಬಿಡೂದಿಲ್ಲ, ಪರೀಕ್ಷಿ ಐತಿ. ಮೊದಲನೇ ಸಲ ನಾ ಮಾಡಿದ ಘನಂದಾರಿ ಕೆಲಸ ಕೇಳ್ರಿ. ಒಂದು ವಿಮಾನ ತಿರುಗೂ ಜಾಗ ದಾಟಿ ಮುಂದ ಹೋಗಿಬಿಡ್ತು. ನನಗ ಕಾಟಾದ ರೂಢಿ. ಲಾರಿ ಹಾಸು ದಾಟಿದ್ರ ಏನಂತೀವಿ, ಹಿಂದ ಬಾ ಅಂತೀವಿ. ಅದನ್ನ ಇಂಗ್ಲಿಷಿನ್ಯಾಗ ಅಂದೆ. ಆಕಾಶದಾಗ ರಿವರ್ಸ್ ಗೇರ್ ಎಲ್ಲಿಂದ ತರಬೇಕು ಆ ಪೈಲಟ್. "ಆಗೂದಿಲ್ಲ ಸರ್" ಅಂತ ಭಾಳ ಮರ್ಯಾದಿಲೆ ಹೇಳಿದ. ಕಲಸೂ ಗುರು ಯಾವುದೋ ದೇಶದಾಗ ಕುಂತು ನಗಾಕ ಹತ್ತಿದ್ದ, ಅವನ ನಗಿ ನಿಲ್ಲೂತನಕ ನಾ ಗ್ವಾಡಿ ನೋಡ್ಕೊಂತ ಕುಂತಿದ್ದೆ.

ತಪ್ಪು ಆಗೂದು ಹೆಚ್ಚಾಗಿ ಮಾತಿನ್ಯಾಗನ. ವಿಮಾನ ತಾನಾಗಿ ಏನೂ ಮಾಡೂದಿಲ್ಲ, ಪಾಪ. ಒಬ್ಬಾವ ಐದು ಸಾವಿರ ಅಡಿ ಅಂದ್ರ ನಾಲ್ಕಕ್ಕ ಇಳೀತಾನ. ಇನ್ನೊಬ್ಬಾವ ತನಗ ಹೇಳಿದ್ದಲ್ಲದ್ದಕ್ಕೂ ಉತ್ತರ ಕೊಟ್ಟು ತಿರಗಿಬಿಡ್ತಾನ. ನಮ್ಮ ಕಡೆ ಮಂದಿಗಂತೂ "ಇನ್ನೊಮ್ಮೆ ಹೇಳ್ರಿ" ಅನ್ನಾಕ ನಾಚಿಕಿ. ತಿಳೀಲಿಲ್ಲ ಅಂದ್ರ ಮರ್ಯಾದಿ ಹೋಗ್ತೈತಿ ಅಂತ ತಿಳದಂಗ ಮಾಡಿ ಮುಂದ ಹೋಗ್ತಾರ. ಮತ್ತ ಒಂದು ನೇಮ ಐತಿ, ಗುರು ಅದನ್ನ ಒತ್ತಿ ಒತ್ತಿ ಹೇಳಿದ್ದ. ಕೆಲಸದ ಗದ್ದಲದಾಗ ಯಾವನಿಗರ "ತಡೀರಿ" ಅಂದ್ರ ಅವ ಬಾಯಿ ಮುಚ್ಚಿ ಕಾಯಬೇಕು, ತಿರುಗಿ ಕರಿಯೂ ಪಾಳಿ ತಡೀರಿ ಅಂದವಂದು. "ಗೊತ್ತಾತಾ" ಅಂದ. "ಗೊತ್ತಾತು" ಅಂದೆ. ಪರೀಕ್ಷಿನೂ ಪಾಸಾತು.

ಪಾಸಾಗಿ ಎರಡನೇ ತಿಂಗಳು ಆ ದನಿ ಬಂತು. ಎರಡು ಪಂಖದ ಸಣ್ಣ ವಿಮಾನ, ಕಡಲ ಕಡೆಯಿಂದ ನನ್ನ ನಿಲ್ದಾಣಕ್ಕ ಬರಾಕತ್ತಿತ್ತು. ದಪ್ಪ ದನಿ, ಒಂದಕ್ಷರ ಹೆಚ್ಚಿಲ್ಲ ಕಡಿಮಿ ಇಲ್ಲ. ನಾ ಹೇಳಿದ ಎತ್ತರ, ದಿಕ್ಕು ಎಲ್ಲಾ ಬರಾಬರಿ ತಿರುಗಿ ಹೇಳಿ, ಕಟ್ಟಕಡೀಕ ಬಾಯಿ ರೂಢಿಲೆ "ಹೂಂ ರಿ" ಅಂದ್ರು. ನಾ ಖುರ್ಚಿ ಮ್ಯಾಲ ಎದ್ದು ಕುಂತೆ. ಆ ರಿ ನಮ್ಮ ಕಡೇದು, ಅದನ್ನ ಕಲಿಯಾಕ ಬರೂದಿಲ್ಲ, ಹುಟ್ಟಿ ಬರಬೇಕು.

ರೇಡಿಯೋದಾಗ ಸ್ವಂತದ ಮಾತು ಆಡೂವಂಗಿಲ್ಲ. ವಿಮಾನ ಇಳದ ಮ್ಯಾಲ ಟೈಪ್ ಮಾಡಿ ಕೇಳಿದೆ.

"ಯಾವೂರ್ರಿ ನಿಮ್ದು?"

"ಮಂಗಳೂರು."

"ಸಮುದ್ರದ ಗಾಳಿ ಹೆಂಗೈತ್ರಿ ಮತ್ತ?"

"ಸಮುದ್ರ ಎಲ್ಲೈತ್ರಿ ಇಲ್ಲೆ. ನಮ್ಮದು ಯಲಬುರ್ಗಾ ಕಡೆ ಮಂಗಳೂರು."

ಒಬ್ಬಾವನ ಕುಂತು ನಕ್ಕೆ. ಆ ಖೋಲ್ಯಾಗ ನನ್ನ ನಗಿ ನನಗ ಹೊಸಾದು ಅನಸ್ತು. ಇಡೀ ಜಗತ್ತು ಆಡೂ ಆಟದಾಗ ಇಬ್ಬರೂ ಕೊಪ್ಪಳ ಜಿಲ್ಲಾದವ್ರು, ಇಂಗ್ಲಿಷಿನ್ಯಾಗ ಒಬ್ಬರಿಗೊಬ್ಬರು ದಿಕ್ಕು ಹೇಳ್ಕೊಂತ ಕುಂತಿದ್ವಿ.

ಅವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವ್ರು, ಈಗ ರಿಟೈರ್. ಮಗಳು ಓದಾಕ ತಗೊಂಡಿದ್ದ ಕಂಪ್ಯೂಟರ್, ಆಕಿ ಲಗ್ನಾಗಿ ಕೊಪ್ಪಳಕ್ಕ ಹೋದ ಮ್ಯಾಲ ಸುಮ್ನ ಬಿದ್ದಿತ್ತಂತ. ಅದರ ಮ್ಯಾಲ ಮೊದಲ ಬಸ್ಸಿನ ಆಟ ಆಡಿ ನೋಡ್ಯಾರ, ಜೀವನ ಪೂರ್ತಿ ಮಾಡಿದ್ದ ಮತ್ತ ಯಾಕ ಅಂತ ಬಿಟ್ಟು ವಿಮಾನಕ್ಕ ಬಂದಾರ. ನಾ ಅವರಿಗೆ ಅಣ್ಣಾರ ಅಂತಿದ್ದೆ, ವಯಸ್ಸಿನಾಗ ಹಿರ್ಯಾರು. ಅವರು ನನಗ ಸಾಹೇಬ್ರ ಅಂತಿದ್ರು. ಬ್ಯಾಡ್ರಿ ಅಂದ್ರ ಕೇಳ್ತಿರಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕಿಂಡಿ ಒಳಗ ಕುಂತು ಬಸ್ ಬಿಡೂ ಮನಷ್ಯಾಗ ಕಂಟ್ರೋಲರ್ ಅಂತಾರಲ್ಲ, ಮೂವತ್ತು ವರ್ಷ ಆ ಕಂಟ್ರೋಲರ್ ಬಿಡಲಾರದ ಗಾಡಿ ತಗದವ್ರಲ್ಲ ಅವರು. ಕಂಟ್ರೋಲರ್ ಅಂದ್ರ ಸಾಹೇಬ್ರ ಅನ್ನಬೇಕು, ಅವರ ಲೆಕ್ಕದಾಗ ಅದು ಅಷ್ಟ.

ಭಾನುವಾರ ಮೂರಕ್ಕ ಹೊಂಡ್ತಿದ್ರು, ನಾಲ್ಕಕ್ಕ ಇಳೀತಿದ್ರು. ಬಸ್ಸಿನ ಮನಷ್ಯಾ, ಇಳಸಿದ್ರ ಗೊತ್ತ ಆಗ್ತಿರಲಿಲ್ಲ. ಇಳದ ಮ್ಯಾಲ ನಾ ಟೈಪ್ ಮಾಡ್ತಿದ್ದೆ, "ಚಾ ಆತೇನ್ರಿ ಅಣ್ಣಾರ." ಅವರು, "ಆತ್ರಿ. ನಿಮ್ದು?" ನಾ, "ಈಗ ಇಡಬೇಕ್ರಿ." ಇಷ್ಟ ನಮ್ಮ ಮಾತು. ನಗಬ್ಯಾಡ್ರಿ. ಇಷ್ಟಕ್ಕ ನಾ ಸೋಮವಾರದಿಂದ ಕಾಯ್ತಿದ್ದೆ. ನನ್ನ ದನಿ ಕೇಳಾಕ ಅಂತನ ಒಬ್ಬ ಮನಷ್ಯಾ ಹೊತ್ತಿಗೆ ಸರಿಯಾಗಿ ಬರ್ತಾನ ಅನ್ನೂದು ನನಗ ಅದಕ್ಕಿಂತ ಮೊದಲ ಯಾವತ್ತೂ ಇರಲಿಲ್ಲ. ಅವರು ಬರೂದು ನಿಂತ್ರ ನನ್ನ ಭಾನುವಾರ ಮತ್ತ ಮೊದಲಿನಂಗ ಆಗ್ತೈತಿ ಅನ್ನೂದೂ ಗೊತ್ತಿತ್ತು. ಇಷ್ಟೆಲ್ಲಾ ಗೊತ್ತಿದ್ದೂ ಮಾಡಿದ್ದು ನೋಡ್ರಿ.

ಆ ಭಾನುವಾರ ಆಟದವ್ರು ಒಂದು ದೊಡ್ಡ ಜಾತ್ರಿನ ಇಟ್ಟಿದ್ರು. ಎಲ್ಲೆಲ್ಲಿಂದಲೋ ವಿಮಾನ ನನ್ನ ನಿಲ್ದಾಣಕ್ಕ ಬರೂವು, ನಾ ಒಬ್ಬಾವನ ಸಂಬಾಳಸಬೇಕು. ಒಂದೊಂದು ವಿಮಾನಕ್ಕ ಒಂದೊಂದು ಚೀಟಿ, ಕಾಟಾದ ಹಳೇ ಚೀಟಿ ಬೆನ್ನ ಮ್ಯಾಲ ಬರದು ಟೇಬಲ್ ಮ್ಯಾಲ ಸಾಲಾಗಿ ಇಟ್ಕೊಂಡಿದ್ದೆ. ಮೂರೂ ಮುಕ್ಕಾಲಕ್ಕ ಡ್ರೈವರ್ ಅಣ್ಣಾರು ಕರದ್ರು. ತಮ್ಮ ವಿಮಾನದ ನಂಬರ್ ಹೇಳಿ, ಒಂದು ವಿನಂತಿ ಐತಿ ಸರ್ ಅಂದ್ರು. ಯಾವತ್ತೂ ಏನೂ ಕೇಳದವ್ರು ಅವತ್ತು ಏನೋ ಕೇಳಾಕತ್ತಿದ್ರು. ನನ್ನ ಮುಂದ ಆಗ ಎರಡು ಚುಕ್ಕಿ ಒಂದರ ಹತ್ತಿರ ಒಂದು ಬರಾಕತ್ತಿದ್ವು. "ತಡೀರಿ" ಅಂದೆ. ಅವರ ಚೀಟಿ ಬ್ಯಾರೆ ತಗದು ಚಾದ ಲೋಟದ ಕೆಳಗ ಇಟ್ಟೆ, ಕಣ್ಣಿಗೆ ಬೀಳ್ಲಿ ಅಂತ.

ಆಮ್ಯಾಲ ಶುರುವಾತು ಪಜೀತಿ. ಒಬ್ಬ ಪೈಲಟ್ ಎತ್ತರ ತಪ್ಪು ಹೇಳಿದ, ನಾ ತಿದ್ದಿದೆ, ಮತ್ತ ಅದನ್ನ ತಪ್ಪು ಹೇಳಿದ. ಇನ್ನೊಬ್ಬಾವ ನಡಬರಕ ಬಾಯಿ ಹಾಕಿದ. ಇಬ್ಬರು ಕೂಡಿ ಮಾತಾಡಿದ್ರ ರೇಡಿಯೋದಾಗ ಕಿರ್ ಅಂತೈತಿ ಅಷ್ಟ, ಯಾರ ಮಾತೂ ಹತ್ತೂದಿಲ್ಲ. ನನಗ ಸಿಟ್ಟು ನೆತ್ತಿಗೇರಿತು. ಕಾಟಾದಾಗ ಒದರಿದಂಗ ಒದರಿದೆ, ಮರ್ಯಾದಿ ಬಿಟ್ಟು. ಗದ್ದಲ ಇಳದು, ಪರದಿ ಖಾಲಿ ಆಗಿ, ಉಸಿರು ಬಿಟ್ಟು ಆರಿದ ಚಾ ಕುಡೀಬೇಕಂತ ಲೋಟ ಎತ್ತಿದೆ. ತಳಕ್ಕ ಚೀಟಿ ಅಂಟಿಕೊಂಡು ಬಂತು.

ಪರದಿ ದೊಡ್ಡದು ಮಾಡಿ ನೋಡಿದೆ. ನನ್ನ ನಿಲ್ದಾಣ ದಾಟಿ, ನೆಲ ದಾಟಿ, ಆ ಕಡೆ ಸಮುದ್ರದ ಮ್ಯಾಲ ಒಂದು ಚುಕ್ಕಿ ಹೊಂಟಿತ್ತು. ನಾ ಕಡೀಕ ಹೇಳಿದ್ದ ಎತ್ತರ, ನಾ ಕಡೀಕ ಹೇಳಿದ್ದ ದಿಕ್ಕು, ಒಂದು ಕೂದಲೆಳಿ ಆಕಡೆ ಈಕಡೆ ಇಲ್ಲ. ನಲವತ್ತು ನಿಮಿಷ ಆಗಿತ್ತು. ಕರದೆ. ಒಂದ ಕರಿಗೆ ಉತ್ತರ ಬಂತು, ಅದ ದಪ್ಪ ದನಿ, "ಹೇಳ್ರಿ ಸರ್" ಅಂತ ಇಂಗ್ಲಿಷಿನ್ಯಾಗ. ಮೈಕ್ ಎದುರಿಗೇ ಕುಂತಿದ್ರು ಅಂತ ಅದರ ಅರ್ಥ.

ತಿರುಗಿ ಬರಾಕ ಎಣ್ಣಿ ಸಾಲೂದಿಲ್ಲ ಅಂದ್ರು. ನಾ ಮತ್ತ ಮೈಕ್ ಒತ್ತೂದ್ರೊಳಗ "ಪರವಾಗಿಲ್ಲ ಸರ್, ಗುಡ್ ಡೇ" ಅಂದ್ರು. ಚುಕ್ಕಿ ಪರದಿ ಮ್ಯಾಲಿಂದ ಹೋತು.

ಯಾವ ಪೈಲಟ್ ಆದ್ರೂ ಐದು ನಿಮಿಷಕ್ಕ ಮತ್ತ ಕರೀತಿದ್ದ. ಹತ್ತು ನಿಮಿಷಕ್ಕ ಬೈತಿದ್ದ. ನಮ್ಮ ಲಾರಿಯವ್ರಂತೂ ಒಂದ ನಿಮಿಷಕ್ಕ ಹಾರ್ನ್ ಹಿಡದು ಬಿಡೂದಿಲ್ಲ. ನನಗ ಹತ್ತೊಂಬತ್ತು ವರ್ಷದ ರೂಢಿ ಅದು: ಕಾಯೂ ಮನಷ್ಯಾ ಒದರತಾನ, ಒದರಲಿಲ್ಲ ಅಂದ್ರ ಯಾರೂ ಕಾಯಾಕತ್ತಿಲ್ಲ. ಅವರಿಗೆ ಮೂವತ್ತು ವರ್ಷದ ರೂಢಿ: ಕಂಟ್ರೋಲರ್ ತಡಿ ಅಂದ್ರ ತಡಿಯೂದು, ಅವರು ನೋಡಿರ್ತಾರ, ಅವರ ಕರೀತಾರ. ಬ್ಯಾರೆ ಯಾರಿಬ್ಬರ ನಡುವನೂ ಇಂಥ ತಪ್ಪು ಆಗ್ತಿರಲಿಲ್ಲ. ನಮ್ಮಿಬ್ಬರ ನಡುವ ಆಗೂದಿತ್ತು, ಆತು.

ಯಾವಾಗೋ ಒಮ್ಮೆ ಟೈಪ್ ಮಾಡಿ ಫೋನ್ ನಂಬರ್ ಕೊಟ್ಟಿದ್ದೆ. ಮರುದಿನ ಮುಂಜಾನಿ ಆ ಫೋನಿಗೆ ಅವರು ಮಾತಾಡಿ ಕಳಿಸಿದ ಮೆಸೇಜ್ ಬಂತು. ಮೊದಲನೇ ಸಲ ಆ ದನಿ ಇಷ್ಟುದ್ದ ಕನ್ನಡ ಆಡಿದ್ದು.

"ಸಾಹೇಬ್ರ, ನಿನ್ನಿ ಭಾಳ ಗದ್ದಲಿತ್ತು, ನಿಮಗ ತ್ರಾಸಾತು. ನಾ ಕೇಳಾವಿದ್ದುದು ಏನಂದ್ರ, ನನಗ ಕಣ್ಣಿನ ನರ ಒಣಗಾಕ ಹತ್ಯಾವ್ರಿ. ಇಳಿಯೂ ಗಡಿಬಿಡ್ಯಾಗ ಮೀಟರ್ ಓದಾಕ ಆಗವಲ್ದು. ರನ್‌ವೇ ದೀಪ ಅಷ್ಟ ಮಸುಕು ಮಸುಕು ಕಾಣ್ತಾವ. ಕಂಟ್ರೋಲರ್ ಬಾಯಿಲೆ ಹೇಳಿ ಹೇಳಿ ಇಳಸೂ ಪದ್ಧತಿ ಐತಂತಲ್ರಿ, ಹಂಗ ನನ್ನ ಒಂದ್ಸಲ ಇಳಸ್ರಿ ಅಂತ ಕೇಳಬೇಕಂದಿದ್ದೆ. ದೀಪ ಕಾಣೂದು ನಿಲ್ಲೂದ್ರೊಳಗ ಒಮ್ಮೆ ಇಳದು ಬಿಟ್ಟುಬಿಡ್ತೀನಿ. ಡಾಕ್ಟ್ರು ಕಣ್ಣು ಭಾಳ ದಿನ ಇಲ್ಲ ಅಂದಾರ. ನಿಮಗ ಬಿಡುವಾದಾಗ ಆತ್ರಿ."

ನಾಲ್ಕು ಸಲ ಕೇಳಿದೆ. ಬರದು ಕಳಿಸಿದೆ, "ಖಂಡಿತ್ರಿ ಅಣ್ಣಾರ. ತಯಾರಿ ಮಾಡ್ಕೊಂಡು ನಾನ ಫೋನ್ ಮಾಡ್ತೀನಿ."

ಮಾಡಲಿಲ್ಲ.

ಯಾಕ ಅಂತ ನನ್ನನ್ನ ನಾ ಎಷ್ಟು ಸಲ ಕೇಳೀನೋ. ಮೊದಲನೇ ವಾರ ಅವರ ಮ್ಯಾಲನ ಸಿಟ್ಟು. ಬಾಯಿ ಇತ್ತಲ್ಲ, ಒದರಬೇಕಿತ್ತಲ್ಲ, ನನ್ನನ್ನ ಯಾಕ ಇಷ್ಟು ಸಣ್ಣಾವನ್ನ ಮಾಡಬೇಕಿತ್ತು ಅಂತ. ಎರಡನೇ ವಾರದಿಂದ ಅಭ್ಯಾಸ. ಹಂಗ ಬಾಯಿಲೆ ಇಳಸೂದು ಅಗದಿ ನಾಜೂಕಿನ ಕೆಲಸ. ಕಂಟ್ರೋಲರ್ ಉಸಿರು ಬಿಡದಂಗ ಮಾತಾಡ್ತಿರಬೇಕು, ಎಡಕ್ಕ ಇಷ್ಟು ಡಿಗ್ರಿ, ಬಲಕ್ಕ ಇಷ್ಟು ಡಿಗ್ರಿ, ಈಗ ಇಷ್ಟು ಎತ್ತರ ಇರಬೇಕು ಅಂತ, ಪೈಲಟ್ ಉತ್ತರನೂ ಕೊಡಬೇಕಿಲ್ಲ, ಕೇಳಿ ಮಾಡೂದಷ್ಟ. ಈ ಸಲ ಒಂದು ಕೂದಲೆಳಿ ತಪ್ಪಬಾರದು ಅಂತ ದಿನಾ ಗ್ವಾಡಿ ಮುಂದ ಕುಂತು ಹೇಳಿದೆ. ಆಮ್ಯಾಲ ಭತ್ತದ ಸುಗ್ಗಿ ಬಂತು, ಭಾನುವಾರನೂ ಕಾಟಾ ಬಿಡಲಿಲ್ಲ. ಸುಗ್ಗಿ ಮುಗದ ಮ್ಯಾಲ ನಾಚಿಕಿ ಬಂತು. ಇಷ್ಟು ದಿನ ಬಿಟ್ಟು ಯಾವ ಮೋತಿಲೆ ಮಾಡೂದು? ಮುಂದಿನ ವಾರ ಮಾಡಿದ್ರಾತು. ಮುಂದಿನ ವಾರ. ಹಿಂಗ ಹನ್ನೊಂದು ವಾರ ಹ್ವಾದ್ವು. ಅವರು ಒಮ್ಮೆನೂ ಫೋನ್ ಮಾಡಲಿಲ್ಲ. ನಾ ಮಾಡ್ತೀನಿ ಅಂದಿದ್ದೆನಲ್ಲ.

ಹನ್ನೊಂದನೇ ವಾರ ಶನಿವಾರ ಕುಷ್ಟಗಿಗೆ ಅಕ್ಕನ ಮನಿಗೆ ಹೋಗಿದ್ದೆ. ಭಾನುವಾರ ಮುಂಜಾನಿ ಶೇಂಗಾ ಹೋಳಿಗಿ ಮಾಡಾಕತ್ತಿದ್ಲು, ನಾ ಒಲಿ ಮುಂದ ಕುಂತಿದ್ದೆ. "ಮೋತಿ ಯಾಕ ಹಂಗ ಮಾಡ್ಕೊಂಡೀ" ಅಂದ್ಲು. ಎಲ್ಲಾ ಹೇಳಿದೆ. ಆಕಿಗೆ ವಿಮಾನದ ಆಟ ಏನ್ ತಿಳೀತೋ ಬಿಡ್ತೋ, ನಡಬರಕ ಒಂದ ಪ್ರಶ್ನೆ ಕೇಳಲಿಲ್ಲ. ಕಡೀಕ ಲಟ್ಟಣಗಿ ಕೆಳಗಿಟ್ಟು ನನ್ನ ಮೋತಿ ನೋಡಿದ್ಲು.

"ಏನ್ ಮನಷ್ಯಾ ಅದೀಯೋ ನೀನು. ಅವರು ಕುರುಡಾಗಾಕತ್ಯಾರ, ನೀ ಅಭ್ಯಾಸ ಮಾಡಾಕತ್ತೀ?"

ಬಿಸಿ ಹೋಳಿಗಿ ಡಬ್ಬ್ಯಾಗ ಹಾಕಿ ಕೈಯಾಗ ಕೊಟ್ಲು. ಬಸ್ ಸ್ಟ್ಯಾಂಡಿನ ತನಕ ತಾನ ಬಂದ್ಲು, ನಾ ಎಲ್ಲಿ ಗಂಗಾವತಿ ಬಸ್ ಹತ್ತಿಬಿಡ್ತೀನೋ ಅಂತ. ಯಲಬುರ್ಗಾ ಬಸ್ಸಿನ್ಯಾಗ ಕುಂದರಿಸಿ, ಬಸ್ ಹೊಂಡೂತನಕ ಕಿಡಕಿ ಕೆಳಗ ನಿಂತಿದ್ಲು. ಹಾದಿ ಎರಡೂ ಕಡೆ ಕಡ್ಲಿ, ಬಿಳಿಜೋಳ ನಿಂತಿತ್ತು. ನಾ ಡ್ರೈವರನ ಬೆನ್ನ ನೋಡ್ಕೊಂತ ಹೋದೆ. ಯಲಬುರ್ಗಾದಾಗ ಇಳದು ಇನ್ನೊಂದು ಬಸ್ ಹಿಡದು ಮಂಗಳೂರಿಗೆ ಬಂದಾಗ ಮಧ್ಯಾಹ್ನ ಎರಡೂವರಿ.

ಮನಿ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಾಕ ಬಾಯಿ ಬರಲಿಲ್ಲ. ಕಿರಾಣಿ ಅಂಗಡ್ಯಾಗ ಕೇಳಿದೆ, "ಬಸ್ ಡ್ರೈವರ್ ಇದ್ರಲ್ರಿ, ರಿಟೈರ್ ಆದವ್ರು, ಅವರ ಮನಿ ಎಲ್ಲಿ ಬರ್ತೈತ್ರಿ?"

"ಯಾರ್ರಿ, ಕಣ್ಣ ಹೋದ ಡ್ರೈವರೇನ್ರಿ?" ಅಂದ ಅಂಗಡ್ಯಾವ.

ಅವ ಕೈ ಮಾಡಿ ಹಾದಿ ತೋರಿಸ್ದ, ನಾ ಹೂಂ ಅಂದೆ, ಏನ್ ತೋರಿಸ್ದ ಅಂತ ಕಾಣಲಿಲ್ಲ. ಇನ್ನೊಮ್ಮೆ ಕೇಳಬೇಕಾತು.

ಮನಿ ಮುಂದಿನ ಕಟ್ಟಿ ಮ್ಯಾಲ ಅವರು ಕುಂತಿದ್ರು. ನಾ ಮನಸಿನ್ಯಾಗ ಮಾಡ್ಕೊಂಡಿದ್ದಕ್ಕಿಂತ ತೆಳ್ಳಗಿನ ಮನಷ್ಯಾ, ಇಸ್ತ್ರಿ ಮಾಡಿದ ಅಂಗಿ. "ನಮಸ್ಕಾರ್ರಿ ಅಣ್ಣಾರ" ಅಂದೆ. ತಲಿ ಎತ್ತಿ ದನಿ ಬಂದ ಕಡೆ ಕಿವಿ ಮಾಡಿದ್ರು, ಆಮ್ಯಾಲ ಎದ್ದು ನಿಂತ್ರು.

"ಕಂಟ್ರೋಲರ್ ಸಾಹೇಬ್ರು," ಅಂದ್ರು. "ಬರ್ರಿ, ಒಳಗ ಬರ್ರಿ. ಏ ಇವಳ, ಸಾಹೇಬ್ರು ಬಂದಾರ ನೋಡು."

ಅವರ ಹೆಂಡ್ತಿ, ಅಕ್ಕಾರು, ಒಳಗಿಂದ ಬಂದ್ರು, ನೀರು ಕೊಟ್ರು, ಹೋಳಿಗಿ ಡಬ್ಬಿ ಇಸಗೊಂಡು ಒಳಗ ಇಟ್ರು. ಚಾ ಬಂತು. ಹೇಳಬೇಕಂದಿದ್ದೆಲ್ಲಾ ಮರತು "ತಪ್ಪಾತ್ರಿ ಅಣ್ಣಾರ" ಅಂದೆ ಅಷ್ಟ.

"ಅದೇನ್ ತಪ್ಪು ಬಿಡ್ರಿ. ಕೆಲಸಿರ್ತಾವ. ದೀವಳಿಗಿ ಆದ ಮ್ಯಾಲ ಒಂದ ತಿಂಗಳು ದೀಪ ಕಾಣ್ತಿದ್ವು ನೋಡ್ರಿ. ಎಳ್ಳಮಾಸಿ ಹೊತ್ತಿಗೆ ಅವೂ ಹ್ವಾದ್ವು. ಈಗ ಬೆಳಕೈತಿ, ಕತ್ತಲೈತಿ ಅನ್ನೂದಷ್ಟ ತಿಳೀತೈತಿ."

ಸಿಟ್ಟಿರಲಿಲ್ಲ ಆ ಮಾತಿನ್ಯಾಗ. ಬಸ್ಸು ಎಷ್ಟಕ್ಕ ಹೋತು ಅಂತ ಹೇಳಿದಂಗ ಹೇಳಿದ್ರು. ಬೈದಿದ್ರ ಛಲೋ ಇತ್ತು. ಎಳ್ಳಮಾಸಿ ಅಂದ್ರ ಮೂರು ವಾರದ ಹಿಂದ. ಆ ದಿವಸ ನಾ ಖೋಲ್ಯಾಗ ಗ್ವಾಡಿ ಮುಂದ ಕುಂತು ಎಡಕ್ಕ ಎರಡು, ಬಲಕ್ಕ ಮೂರು ಅಂತ ಅಭ್ಯಾಸ ಮಾಡಾಕತ್ತಿದ್ದೆ.

ಅಕ್ಕಾರು ಬಾಗಲಾ ಹಿಡದು ನಿಂತಿದ್ರು. "ಭಾನುವಾರ ಮೂರಾತಂದ್ರ ಆ ಕಂಪ್ಯೂಟರ್ ಮುಂದ ಹೋಗಿ ಕುಂದರತಾರ್ರಿ," ಅಂದ್ರು. "ಕಾಣೂದಿಲ್ಲ, ಏನಿಲ್ಲ. ಫೋನ್ ತೊಡಿ ಮ್ಯಾಲ ಇಟ್ಕೊಂಡು ಕುಂದರತಾರ. ಯಾಕ್ರಿ ಅಂದ್ರ, ಸಾಹೇಬ್ರು ಮಾಡ್ತೀನಿ ಅಂದಾರ ಅಂತಾರ."

ನನಗ ಕುಂತಲ್ಲೇ ಭೂಮಿಗೆ ಇಳದು ಹೋಗಬೇಕನಸ್ತು. ಅಳೂದು ಬಂತು, ಅತ್ತೆ. ಅವರಿಗೆ ಕಾಣ್ತಿರಲಿಲ್ಲ, ಆದ್ರ ಮೂಗು ಏರಸಿದ್ದು ಕೇಳಿರಬೇಕು. "ಮೂರಾಗಿರಬೇಕಲ್ರಿ?" ಅಂದ್ರು. "ಮೂರೂ ಹತ್ತು" ಅಂದೆ. "ಹಂಗಾದ್ರ ನಡೀರಿ ಮತ್ತ," ಅಂತ ಗ್ವಾಡಿ ಹಿಡದು ಎದ್ರು.

ಒಳಗಿನ ಖೋಲ್ಯಾಗ ಟೇಬಲ್ಲು, ಕಂಪ್ಯೂಟರ್, ವಿಮಾನ ಹಿಡಿಯೂ ಕೋಲು. ಅವರು ಖುರ್ಚಿ ಮ್ಯಾಲ ಕುಂತ್ರು, ನಾ ಮಗ್ಗಲ ಸ್ಟೂಲ್ ಎಳಕೊಂಡು ಕುಂತೆ. ನಾನ ಆಟ ಶುರು ಮಾಡಿ, ವಿಮಾನ ನಿಲ್ದಾಣದಿಂದ ಹತ್ತು ಮೈಲಿ ದೂರ ಇಟ್ಟೆ. ಬೆರಳಿನಿಂದ ಕೋಲು ತಡವಿ ಹಿಡಕೊಂಡ್ರು. ಹೆಡ್‌ಫೋನ್ ಬೇಕಿರಲಿಲ್ಲ, ಹಾಕ್ಕೊಂಡ್ರು. ನಾ ಒಂದು ಮೊಳ ದೂರದಾಗ ಕುಂತು ಪರದಿ ನೋಡಿ ಶುರು ಮಾಡಿದೆ, ರೇಡಿಯೋದಾಗ ಮಾತಾಡಿದಂಗ. ಎಡಕ್ಕ ಎರಡು. ಈಗ ಇಳಿಯಾಕ ಶುರು ಮಾಡ್ರಿ. ಸ್ವಲ್ಪ ಮ್ಯಾಲ ಅದೀರಿ. ಬರಾಬರಿ. ಬಲಕ್ಕ ಒಂದು. ಕೈ ಏನ್ ಕೈ ಅಂತೀರಿ, ನಾ ಅಂದದ್ದು ಅಂದಷ್ಟ, ಮಾತು ಮುಗಿಯೂದ್ರೊಳಗ ವಿಮಾನ ಅಲ್ಲಿರ್ತಿತ್ತು.

ಆದ್ರ ಈ ಪದ್ಧತಿಗೆ ಒಂದು ಕೊನಿ ಐತಿ. ಕಡೇ ಒಂದು ಮೈಲಿಗೆ ಕಂಟ್ರೋಲರ್ ಕೇಳಬೇಕು, ರನ್‌ವೇ ಕಾಣ್ತೈತೇನು ಅಂತ. ಕಂಡ್ರ ಪೈಲಟ್ ತನ್ನ ಕಣ್ಣಿಲೆ ಇಳೀತಾನ, ಕಂಟ್ರೋಲರ್ ಅಲ್ಲಿಗೆ ಬಾಯಿ ಮುಚ್ಚಬೇಕು. ಕಾಣಲಿಲ್ಲ ಅಂದ್ರ ಇಳಿಯೂವಂಗಿಲ್ಲ, ಮ್ಯಾಲ ಏರಿ ಮತ್ತ ಮೊದಲಿಂದ ಬರಬೇಕು. ಅದನ್ನ ನಾನೂ ಬಲ್ಲೆ, ಅವರೂ ಬಲ್ಲರು.

"ರನ್‌ವೇ ಕಾಣ್ತೈತೇನ್ರಿ?" ಅಂದೆ.

"ಇಲ್ರಿ."

"ಮ್ಯಾಲ ಹೋಗ್ರಿ."

ಏರಿದ್ರು. ಸುತ್ತ ಹಾಕಿಸಿ ಮತ್ತ ತಂದೆ. ಮೊದಲಿಗಿಂತ ನೆಟ್ಟಗ ಬಂದ್ರು. ಮತ್ತ ಕೇಳಿದೆ. ಭಾಳ ಹೊತ್ತು ಪರದಿ ಕಡೆ ಮೋತಿ ಇಟ್ಟಿದ್ರು.

"ಇಲ್ರಿ ಸಾಹೇಬ್ರ."

"ಮ್ಯಾಲ ಹೋಗ್ರಿ" ಅಂದೆ.

ಮೂರನೇ ಸಲ. ಎಡಕ್ಕ ಒಂದು. ಬರಾಬರಿ. ಬರಾಬರಿ. ಪರದಿ ಮ್ಯಾಲ ರನ್‌ವೇ ನೆಟ್ಟಗ ನಡುವ ಬಂದು ನಿಂತಿತ್ತು, ಎರಡೂ ಕಡೆ ದೀಪ ಹಚ್ಚಿ ಇಟ್ಟಿತ್ತು. ಕಡೇ ಮೈಲಿ ಬಂತು. ಕೇಳಿದೆ.

"ಕಾಣ್ತೈತ್ರಿ ಸಾಹೇಬ್ರ," ಅಂದ್ರು.

ಅವರ ಮೋತಿ ಪರದಿ ಕಡೆ ಇರ್ಲಿಲ್ಲ. ಮಾತು ಬರೂ ಕಡೆ, ನನ್ನ ಕಡೆ ತಿರಗಿತ್ತು. ಪೈಲಟ್ ತಪ್ಪು ಹೇಳಿದ್ರ ತಿದ್ದೂದು ಕಂಟ್ರೋಲರನ ಕೆಲಸ. ನಾ ತಿದ್ದಲಿಲ್ಲ. "ಇಳೀರಿ" ಅಂದೆ, ಮತ್ತ ಚಕ್ರ ನೆಲ ಮುಟ್ಟೂತನಕ ಮಾತು ನಿಲ್ಲಸಲಿಲ್ಲ.